ಚುಯಿ ಬೊಗಳುತ್ತಿಲ್ಲ

ಬೆಳಿಗ್ಗೆ ಎಂಟು ಗಂಟೆ. ಚುಯಿ ಬೊಗಳಿ ಎರಡು ದಿನವಾಗಿತ್ತು.

ಮಚಾಕೋಸ್ ಗುಡ್ಡದ ಕೆಳಗಿನ ಪಶು ಆಸ್ಪತ್ರೆಯ ಅಂಗಳದಲ್ಲಿ ಕವಿಂದು ತನ್ನ ನಾಯಿಯನ್ನು ಹಗ್ಗದಲ್ಲಿ ಹಿಡಿದು ನಿಂತಿದ್ದಳು. ಅದರ ಕೆಳದವಡೆ ಜೋತುಬಿದ್ದಿತ್ತು. ಜೊಲ್ಲು ಎಳೆಎಳೆಯಾಗಿ ನೆಲಕ್ಕೆ ಇಳಿಯುತ್ತಿತ್ತು. ಬೇಲಿಗೆ ಕಟ್ಟಿದ್ದ ಮೇಕೆಗಳು ಅರಚುವುದನ್ನು ನಿಲ್ಲಿಸಿ, ಹಗ್ಗ ಬಂದಷ್ಟು ದೂರ ಸರಿದು ನಿಂತವು. ಕುಂಟು ಕತ್ತೆಯನ್ನು ತಂದಿದ್ದ ಮುದುಕನೂ ಮಾತು ನಿಲ್ಲಿಸಿದ.

"ಚುಯಿ," ಎಂದಳು ಕವಿಂದು.

ನಾಯಿ ತಿರುಗಿತು. ಆದರೆ ಅವಳನ್ನು ನೋಡಲಿಲ್ಲ. ಅವಳ ಬೆನ್ನ ಹಿಂದೆ ಯಾರೋ ನಿಂತಿರುವಂತೆ ನೋಡಿತು. ಅವಳೂ ತಿರುಗಿದಳು. ಯಾರೂ ಇರಲಿಲ್ಲ.

"ಗಂಟಲಲ್ಲಿ ಮೂಳೆ ಸಿಕ್ಕಿದೆ ಡಾಕ್ಟ್ರಮ್ಮ," ಎಂದ ಅವಳ ಗಂಡ ಮುಸೆಂಬಿ. "ಮಗಳು ಕಸ್ಯೋಕಳ ಮದುವೆ ಮಾತಿಗೆ ಮೇಕೆ ಕಡಿದಿದ್ವಿ. ಇವನು ತಿಂದಿದ್ದೇ ತಿಂದಿದ್ದು. ಬಾಯೊಳಗೆ ಕೈ ಹಾಕಿ ಹುಡುಕಿದ್ವಿ, ಸಿಗಲಿಲ್ಲ."

ವೈದ್ಯೆ ಮುಂಬುವಾ ಕೈಗವಸು ಹಾಕಿಕೊಳ್ಳುತ್ತಿದ್ದವಳು ಅಲ್ಲೇ ನಿಂತಳು. "ಕೈ ಹಾಕಿದ್ದು ಯಾರು?"

"ದವಡೆ ನಾನು ಹಿಡಿದೆ. ಇವಳ ಕೈ ಸಣ್ಣದು ನೋಡಿ, ಇವಳೇ ಹಾಕಿದ್ಲು."

"ಕವಿಂದಕ್ಕಾ, ಕೈ ತೋರ್ಸಿ."

ಬುಟ್ಟಿ ಹೆಣೆಯುವ ಕೈ ಅದು. ಕತ್ತಾಳೆ ನಾರು ಎಳೆದೆಳೆದು ಬೆರಳಸಂದಿಯಲ್ಲೆಲ್ಲ ಕೂದಲೆಳೆಯಂಥ ಸೀಳುಗಳು. ಇಲ್ಲಿನ ಹೆಂಗಸರು ಅದನ್ನು ಗಾಯ ಅನ್ನುವುದೇ ಇಲ್ಲ.

ಮುಂಬುವಾ ಉದ್ದ ಕೋಲಿನ ಕುಣಿಕೆಯಲ್ಲಿ ಚುಯಿಯನ್ನು ಹಿಂದಿನ ಕೋಣೆಗೆ ಸೇರಿಸಿ ಚಿಲಕ ಹಾಕಿದಳು. ಸರಳಿನಾಚೆ ನಾಯಿ ನೀರಿಗೆ ಮೂತಿ ಅದ್ದಿತು. ನೀರು ಕದಡಿತೇ ಹೊರತು ಗಂಟಲಿಗೆ ಇಳಿಯಲಿಲ್ಲ. ಆಮೇಲೊಂದು ಸದ್ದು ಬಂತು, ಗೊಗ್ಗರಾಗಿ, ಉದ್ದಕ್ಕೆ. ಅದು ಚುಯಿಯ ಸದ್ದಲ್ಲ. ಯಾವ ನಾಯಿಯದೂ ಅನ್ನಿಸಲಿಲ್ಲ.

"ಯಾರೋ ಮಾಟ ಮಾಡ್ಸಿದಾರೆ," ಎಂದು ಮುಸೆಂಬಿ ಪಿಸುಗುಟ್ಟಿದ.

"ಮಾಟ ಅಲ್ಲಣ್ಣ, ಹುಚ್ಚುನಾಯಿ ರೋಗ ಇರಬೇಕು. ರೇಬೀಸ್. ಎಲ್ಲ ನಾಯಿನೂ ಅಟ್ಟಿಸ್ಕೊಂಡು ಬರಲ್ಲ. ಕೆಲವು ಹೀಗೇ ಮಂಕಾಗ್ತವೆ, ದವಡೆ ಬೀಳುತ್ತೆ. ಮೂಳೆ ಅಂದ್ಕೊಂಡು ಜನ ಕೈ ಹಾಕ್ತಾರೆ. ಕವಿಂದಕ್ಕ ಇವತ್ತೇ ಸೂಜಿ ಹಾಕಿಸ್ಕೋಬೇಕು."

"ಕಚ್ಚೇ ಇಲ್ವಲ್ಲ! ಜೊಲ್ಲಿಗೂ ಸೂಜೀನಾ?" ಎಂದ ಮುಸೆಂಬಿ.

"ರೋಗ ಇರೋದೇ ಜೊಲ್ಲಲ್ಲಿ. ಒಳಗೆ ಹೋಗೋಕೆ ಒಂದು ಸೀಳು ಸಾಕು. ಮನುಷ್ಯನಿಗೆ ಕಾಣಿಸ್ಕೊಂಡ ಮೇಲೆ ಉಳಿಸೋ ಔಷಧಿ ಇಲ್ಲ. ಅದಕ್ಕೆ ಮುಂಚೆ ಇದೆ. ಚುಯಿಗೆ ಲಸಿಕೆ ಹಾಕ್ಸಿದ್ರಾ?"

ಕವಿಂದುವೇ ಬಾಯಿಬಿಟ್ಟಳು. "ಸಂತೇಲಿ ಪುಕ್ಕಟೆ ಹಾಕ್ತಿದ್ರು. ಸೂಜಿ ಚುಚ್ಚಿಸಿದ ನಾಯಿ ಮಂಕಾಗುತ್ತೆ, ಕಳ್ಳ ಬಂದ್ರೂ ಬೊಗಳಲ್ಲ ಅಂತ ಇವರು ಬೇಡ ಅಂದ್ರು. ಕೇಳಿಸ್ಕೊಳ್ಳಿ ಕಸ್ಯೋಕಳ ಅಪ್ಪಾ, ಎಷ್ಟು ಚೆನ್ನಾಗಿ ಬೊಗಳ್ತಿದಾನೆ!"

"ನಲ್ಲಿ ಕೆಳಗೆ ಸೋಪು ಹಚ್ಚಿ ಕಾಲು ಗಂಟೆ ತೊಳೀರಿ," ಎಂದಳು ಮುಂಬುವಾ. "ಆಮೇಲೆ ಸೀದಾ ಜಿಲ್ಲಾಸ್ಪತ್ರೆ. ಮನೆಗೆ ಹೋಗಿ ಹೋಗ್ತೀನಿ ಅನ್ನಬೇಡಿ."

ನೊರೆ ತಾಗಿದಲ್ಲೆಲ್ಲ ಕವಿಂದುವಿನ ಬೆರಳು ಉರಿಯಿತು. ಇಷ್ಟು ಕಡೆ ಸೀಳಿದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಗೋಡೆಯಾಚೆಯ ಸದ್ದು ನಿಂತಿತು. ಆ ಮೌನ ಇನ್ನೂ ಕೆಟ್ಟದಾಗಿತ್ತು. ಆಗ ಪಕ್ಕದಿಂದ ಮುಸೆಂಬಿಯ ಹೆಬ್ಬೆರಳು ನೀರಿನ ಕೆಳಗೆ ಬಂತು. ಉಗುರಿನ ಬುಡದಲ್ಲಿ ಕೆಂಪು ಗೀರು.

"ಹಲ್ಲು ತಾಗಿತ್ತು," ಎಂದ.

"ಯಾಕೆ ಹೇಳಲಿಲ್ಲ?"

"ನೀನು ಹೆದರ್ತೀಯ ಅಂತ."

"ಈಗ ಹೆದರಿದೀನಿ. ಸೋಪು ತಗೊಳ್ಳಿ."

ನಾಯಿ ಸಾಕಿದವರೇ, ಪ್ರತಿ ವರ್ಷ ಅದಕ್ಕೆ ಲಸಿಕೆ ಹಾಕಿಸಿ. ನೀರು ನುಂಗದ, ದವಡೆ ಬಿದ್ದ ನಾಯಿಯ ಬಾಯಿಗೆ ಕೈ ಹಾಕಬೇಡಿ, ಪಶುವೈದ್ಯರನ್ನು ಕರೆಯಿರಿ. ಕಚ್ಚಿದರೂ, ಗೀರಿದರೂ, ಗಾಯಕ್ಕೆ ಜೊಲ್ಲು ತಾಗಿದರೂ ಸೋಪಿನಿಂದ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ನಾಯಿಗೆ ಏನಾಗುತ್ತದೋ ನೋಡೋಣ ಎಂದು ಕಾಯಬೇಡಿ.

ಅಂದು ಮಧ್ಯಾಹ್ನ ಮುಂಬುವಾ ಚುಯಿಗೆ ನೋವಿಲ್ಲದ ಸಾವು ಕೊಟ್ಟಳು. ರೋಗ ರೇಬೀಸೇ ಎಂದು ಪ್ರಯೋಗಾಲಯದಿಂದ ಉತ್ತರ ಬರುವ ಹೊತ್ತಿಗೆ ಗಂಡ ಹೆಂಡತಿ ಎರಡನೆಯ ಸೂಜಿ ಹಾಕಿಸಿಕೊಂಡಿದ್ದರು. ಉಳಿದ ಸೂಜಿಗಳನ್ನೂ ತಪ್ಪಿಸಲಿಲ್ಲ. ಇಬ್ಬರೂ ಬದುಕಿದ್ದಾರೆ.