ಕುಡಿಯದವನ ಆಣೆ

ದೋರನಹಳ್ಳಿಯ ಕುರಿಗಾರ ಮಲ್ಕಪ್ಪನ ಎಡಗಾಲಿನ ಚಪ್ಪಲಿ ನಡೆಯುವಾಗ ಕಳಚಿ ಬೀಳತೊಡಗಿತ್ತು. ಬಿದ್ದದ್ದು ಅವನಿಗೆ ತಿಳಿಯುತ್ತಲೂ ಇರಲಿಲ್ಲ. ಮಾತು ತೊದಲುತ್ತಿತ್ತು. ಒಂದು ದಿನ ಕಾಲುವೆ ಕೆಳಗಿನ ಪರರ ಭತ್ತಕ್ಕೆ ಕುರಿ ಬಿಟ್ಟು ಸುಮ್ಮನೆ ಕೂತ.

"ಅಣ್ಣ ಕುಡ್ಯಾಕ ಕಲ್ತಾನ," ಎಂದ ತಮ್ಮ ಬಸವಂತರಾಯ.

ಗಂಡನ ಬಾಯಿ ಎಂದೂ ನಾರಿದ್ದಿಲ್ಲವೆಂದು ಮಲಕಮ್ಮನಿಗೆ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. ಬೀರಪ್ಪನ ಗುಡಿಯಲ್ಲಿ ಮೈದುನ ಅಣ್ಣನ ಕೈ ಹಿಡಿದು ಅರಿಸಿನದ ಭಂಡಾರ ಮುಟ್ಟಿಸಿ ಆಣೆ ಹಾಕಿಸಿದ. ಜನ್ಮದಲ್ಲಿ ಹನಿ ಮುಟ್ಟದ ಮನುಷ್ಯ, ಹೇಳಿಕೊಟ್ಟಂತೆ ಹೇಳಿದ: "ಇನ್ನ ಕುಡಿಯಂಗಿಲ್ಲ."

ಆಣೆಯಾದ ಮೇಲೂ ಚಪ್ಪಲಿ ಬೀಳುತ್ತಲೇ ಇತ್ತು. ಅವನು ಹಗಲೂ ಮಲಗತೊಡಗಿದ. ಎಬ್ಬಿಸಿದರೆ ಕಣ್ಣು ಬಿಡುವುದೇ ಕಷ್ಟವಾಯಿತು. ಮಲಕಮ್ಮ ನೆರೆಯವರನ್ನು ಕೂಗಿ ಕರೆದಳು.

ಪಕ್ಕದ ಮನೆಯ ಆಶಾ ಕಾರ್ಯಕರ್ತೆ ರೇಣಮ್ಮ ಕೇಳಿದಳು: "ಯಕ್ಕಾ, ಅಣ್ಣಾರ ತಲೀಗಿ ಪೆಟ್ಟ ಬಿದ್ದಿತ್ತೇನು?"

"ತಿಂಗಳ ಮ್ಯಾಲಾತು. ಟಗರು ಗುದ್ದಿ ಕಾಲುವಿ ಕಲ್ಲಿಗಿ ಬಿದ್ದಿದ್ರು. ರಕ್ತಾನೂ ಬರಲಿಲ್ಲ."

"ಹೊರಗ ಬರಲಿಲ್ಲ. ಒಳಗ ಮಿದುಳಿನ ಮ್ಯಾಲ ಹನಿಹನಿ ಸೋರಿ ನಿಂತಿರಬೇಕು. ಸ್ಕ್ಯಾನ್ ಮಾಡಿಸ್ರಿ."

ಬಸವಂತರಾಯ ನಕ್ಕ. "ಆಮ್ಯಾಲ ತಲಿ ಒಡೀತಾರ. ಅಣ್ಣಂದು ಕುರಿ ತಲಿ ಅಂತ ತಿಳ್ದಾರೇನು?"

"ತಲಿ ಪೂರಾ ತೆರಿಯಂಗಿಲ್ಲ, ಬಸವಂತಣ್ಣ. ಸಣ್ಣ ತೂತು ಮಾಡಿ ಹಳೀ ರಕ್ತ ತೆಗೀತಾರ. ಮತ್ತ ತುಂಬಬಾರದಂತ ಕೆಲವರಿಗೆ ತೊಡಿ ರಕ್ತನಾಳದಾಗ ನೂಲಿನಂಥ ನಳಿಗಿ ಏರಿಸಿ ಸೋರೋ ದಾರಿ ಮುಚ್ತಾರ, ನೀ ಹೊಲದ ತೂಬು ಮುಚ್ಚಿದಂಗ. ನಮ್ಮಪ್ಪಗೂ ಹಿಂಗೇ ಆಗಿತ್ತು. ಮುಪ್ಪು ಅಂದ್ವಿ. ಈಗ ಫೋಟೋಕ್ಕ ಹಾರ ಹಾಕ್ತೀವಿ."

ಬಸವಂತರಾಯನ ನಗು ನಿಂತಿತು. ತಾನೇ ಹೋಗಿ ಜೀಪು ತಂದ.

ಕಲಬುರಗಿಯಲ್ಲಿ ಸ್ಕ್ಯಾನ್ ನೋಡಿದ ಡಾಕ್ಟರು, "ಇನ್ನಷ್ಟು ತಡ ಮಾಡಿದ್ರ ಉಳೀತಿದ್ದಿಲ್ಲ," ಎಂದರು. ತೂತು ಮಾಡಿ ರಕ್ತ ತೆಗೆದರು. ನಳಿಗೆಯ ಚಿಕಿತ್ಸೆಯೂ ಆಯಿತು.

ಮಲ್ಕಪ್ಪ ಬದುಕಿ ಬಂದ. ಚಪ್ಪಲಿ ಕಾಲಲ್ಲೇ ನಿಂತಿತು. ಮಾತು ಸರಿಯಾದ ಮೇಲೆ ಒಂದೇ ಪ್ರಶ್ನೆ ಕೇಳಿದ: "ನನ್ನ ಕೈಲೆ ಭಂಡಾರ ಯಾಕ ಮುಟ್ಟಿಸಿದ್ರಿ?"

ತಮ್ಮ ಎದ್ದು ಕುರಿಹಟ್ಟಿಯ ಕಡೆ ನಡೆದ. ಮಲಕಮ್ಮ ರೊಟ್ಟಿ ಬಡಿಯುತ್ತಲೇ ಇದ್ದಳು.

ಅಕ್ಕಂದಿರೇ, ಅಣ್ಣಂದಿರೇ, ಬಿದ್ದು ಕೆಲವು ವಾರಗಳಾದ ಮೇಲೂ ತಲೆನೋವು, ತೊದಲು, ಮರೆವು, ಒಂದು ಬದಿಯ ಕೈಕಾಲಿನ ಸೋಲು ಕಾಣಬಹುದು. ಪೆಟ್ಟು ಎಷ್ಟೇ ಸಣ್ಣದಿರಲಿ, ಡಾಕ್ಟರಿಗೆ ಹೇಳಿ. ವಯಸ್ಸಾದವರಿಗೆ, ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರಿಗೆ ಇದು ಹೆಚ್ಚು. ಕುಡಿಯುವವರಿಗೂ ಹೆಚ್ಚು, ಅವರನ್ನೂ ಹಾಗೇ ಬಿಡಬೇಡಿ. ಮೊದಲು ಆಸ್ಪತ್ರೆಗೆ ಕರೆದೊಯ್ಯಿರಿ. ತಲೆಯೊಳಗಿನ ರಕ್ತ ತೆಗೆಯಬಹುದು. ಹಾಕಿಸಿದ ಆಣೆಯನ್ನು ಹಿಂದಕ್ಕೆ ತೆಗೆಯಲಾಗದು.