ಟೇಲರಮ್ಮನ ಸೊಸೆಯ ಹಲ್ಲು

ಹೆರಿಗೆ ಹತ್ತಿರ ಬಂದ ಮನೆಗೆ ಕರೆಯದೇ ಬರುವ ನೆಂಟರು ಇಬ್ಬರು. ಒಬ್ಬರ ಹೆಸರು ಭಯ, ಇನ್ನೊಬ್ಬರ ಹೆಸರು ಪುಕ್ಕಟೆ ಸಲಹೆ. ಟೇಲರಮ್ಮನ ಮನೆಯಲ್ಲಿ ಇಬ್ಬರೂ ಚಾಪೆ ಹಾಸಿಕೊಂಡೇ ಕೂತಿದ್ದರು.

ಟೇಲರಮ್ಮ ಅಂದರೆ ಆ ಬೀದಿಗೆಲ್ಲ ಗೊತ್ತು. ಮನೆಯ ಮುಂದಿನ ಕೋಣೆಯೇ ಅಂಗಡಿ. ಎರಡು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಗೋಡೆಯ ಮೊಳೆಗಳಲ್ಲಿ ಅರ್ಧ ಹೊಲಿದ ಶಾಲೆಯ ಅಂಗಿಗಳು. ಮಗ ದೂರದೂರಿಗೆ ಹೋಗುವ ಬಸ್ಸಿನ ಡ್ರೈವರು, ವಾರಕ್ಕೆರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಹಾಗಾಗಿ ದಿನವಿಡೀ ಆ ಕೋಣೆಯಲ್ಲಿ ಇರುತ್ತಿದ್ದವರು ಅತ್ತೆ, ಸೊಸೆ ಇಬ್ಬರೇ. ಅತ್ತೆ ಕತ್ತರಿಸಿ ಹೊಲಿದರೆ ಸೊಸೆ ಕಾಜಾ ಮಾಡಿ ಗುಂಡಿ ಕಟ್ಟುವಳು. ಇಬ್ಬರಿಗೂ ಹೊಂದಿಕೆ ಚೆನ್ನಾಗಿತ್ತು.

ಟೇಲರಮ್ಮನಿಗೆ ಒಂದು ಚಟ. ಬಂದ ಗಿರಾಕಿಗಳ ಮುಂದೆಲ್ಲ ಸೊಸೆಯ ಹಲ್ಲನ್ನು ಹೊಗಳುವುದು. "ದಾಳಿಂಬೆ ಬೀಜ ಜೋಡಿಸಿದ ಹಾಗಿದೆ ನೋಡಿ. ಮೊದಲ ಸಲ ಇವಳು ನಕ್ಕಾಗಲೇ ನಾನು ಇವಳೇ ನನ್ನ ಸೊಸೆ ಅಂದ್ಕೊಂಡೆ" ಅನ್ನುವರು. ಗಿರಾಕಿಗಳು ಅಳತೆ ಕೊಡಲು ಬಂದವರು ಹಲ್ಲು ನೋಡಿಕೊಂಡು ಹೋಗುವರು. ಸೊಸೆ ತುಟಿ ಮುಚ್ಚಿ ನಕ್ಕು ಸೂಜಿಗೆ ದಾರ ಪೋಣಿಸುವಳು.

ಯಾಕೆಂದರೆ ಆ ಸಾಲಿನ ನಟ್ಟನಡುವಿನ ಒಂದು ಹಲ್ಲು ಕಟ್ಟಿಸಿದ್ದು. ಹನ್ನೆರಡು ವರ್ಷದವಳಿದ್ದಾಗ ಸೈಕಲ್ಲಿನಿಂದ ಬಿದ್ದು ಮುಂದಿನ ಹಲ್ಲು ಹೋಗಿತ್ತು. ಅಂಗುಳಕ್ಕೆ ಅಂಟಿಕೊಳ್ಳುವ ಪುಟ್ಟ ಪ್ಲಾಸ್ಟಿಕ್ಕಿಗೆ ಕೂರಿಸಿದ ಹಲ್ಲು, ತೆಗೆದು ತೊಳೆದು ಮತ್ತೆ ಹಾಕಿಕೊಳ್ಳುವಂಥದ್ದು. ಮದುವೆಯ ಹೊತ್ತಿಗೆ ಅವಳ ಅಮ್ಮ ಹೇಳಿದ್ದರು, "ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನಾವು ಒಂದೂ ಹೇಳ್ತಿಲ್ಲ, ಸುಮ್ನಿದೀವಿ ಅಷ್ಟೆ." ಗಂಡನಿಗೆ ಮೊದಲ ವಾರದಲ್ಲೇ ಗೊತ್ತಾಯಿತು. "ನನ್ನ ಬಸ್ಸಿಗೂ ಒಂದು ಗಾಜು ಬದಲಾಯಿಸಿದೀವಿ, ಓಡ್ತಾ ಇಲ್ವಾ?" ಅಂದು ಅವನು ಮರೆತೇಬಿಟ್ಟ. ಅತ್ತೆಗೆ ಮಾತ್ರ ಹೇಳಲಾಗಲಿಲ್ಲ. ಅವರ ಹೊಗಳಿಕೆ ಬೆಳೆದಷ್ಟೂ ಇವಳ ಬಾಯಿ ಕಟ್ಟುತ್ತಾ ಹೋಯಿತು.

ಈಗ ಒಂಬತ್ತನೇ ತಿಂಗಳು. ಮಗು ತಲೆ ಮೇಲೆ ಮಾಡಿ, ಕಾಲು ಕೆಳಗೆ ಮಾಡಿ ಹಾಯಾಗಿ ಕೂತಿತ್ತು. ಆಪರೇಷನ್ ಮಾಡಿಯೇ ತೆಗೆಯಬೇಕು ಅಂತ ಆಸ್ಪತ್ರೆಯಲ್ಲಿ ದಿನ ಗೊತ್ತು ಮಾಡಿದ್ದರು.

ಆ ವಾರವೇ ನರ್ಸಕ್ಕ ತಮ್ಮ ಬಿಳಿ ಕೋಟು ಬಿಗಿಯಾಗಿದೆ, ಸ್ವಲ್ಪ ಬಿಡಿಸಿಕೊಡಿ ಅಂತ ಅಂಗಡಿಗೆ ಬಂದರು. ಎರಡು ಬೀದಿ ಆಚೆಯವರು, ಅದೇ ಆಸ್ಪತ್ರೆಯಲ್ಲಿ ಕೆಲಸ. ಮಾತಿನ ನಡುವೆ, ತಮ್ಮಲ್ಲಿ ಒಂದು ಸಂಶೋಧನೆ ನಡೀತಿದೆ, ನಿಮ್ಮ ಸೊಸೆಗೆ ಇಷ್ಟವಿದ್ದರೆ ಸೇರಬಹುದು ಅಂದರು. ಟೇಲರಮ್ಮನ ಕಾಲು ಪೆಡಲಿನ ಮೇಲೇ ನಿಂತಿತು.

"ನನ್ನ ಸೊಸೆ ಏನು ತುಂಡು ಬಟ್ಟೆಯಾ, ನೀವು ಕತ್ತರಿ ಆಡಿಸಿ ಕಲಿಯೋಕೆ?"

ನರ್ಸಕ್ಕನಿಗೆ ಕೋಪ ಬರಲಿಲ್ಲ. ಈ ಮಾತು ಅವರಿಗೆ ಹೊಸದೂ ಅಲ್ಲ. ಹೊಸ ಔಷಧಿ ಕೊಡುವುದಿಲ್ಲ, ಹೆಚ್ಚಿನ ಇಂಜೆಕ್ಷನ್ ಇಲ್ಲ, ಬರೀ ಪ್ರಶ್ನೆ ಕೇಳುವ ಸಂಶೋಧನೆ ಅಂತ ಬಿಡಿಸಿ ಹೇಳಿದರು. ಆಪರೇಷನ್ನಿಗೆ ಮೊದಲು ಅರಿವಳಿಕೆ ಡಾಕ್ಟರು, ಅಂದರೆ ಮತ್ತು ಬರಿಸುವವರು, ಎಲ್ಲರಿಗೂ ಕೆಲವು ಪ್ರಶ್ನೆ ಕೇಳುತ್ತಾರೆ. ಯಾವ ಮಾತ್ರೆ ನುಂಗ್ತೀರಿ, ಯಾವುದಾದರೂ ಔಷಧಿ ಒಗ್ಗಲ್ವಾ, ಮೂರ್ಛೆ ಬರುತ್ತಾ, ಹಲ್ಲು ಅಲ್ಲಾಡುತ್ತಾ. ಅರ್ಧ ಜನರನ್ನು ಎಂದಿನಂತೆ ಮನೆಯವರ ಜೊತೆ ಕೂರಿಸಿಕೊಂಡು ಮಾತ್ರ ಕೇಳುವುದು. ಇನ್ನರ್ಧ ಜನರನ್ನು ಇನ್ನೊಂದು ಸಲ, ಒಬ್ಬರನ್ನೇ ಕೋಣೆಗೆ ಕರೆದು ಕೇಳುವುದು. ಎರಡನೆಯದರಿಂದ ಮತ್ತಿನ ತೊಂದರೆಗಳು ಕಡಿಮೆಯಾಗುತ್ತವೆಯೋ ಇಲ್ಲವೋ, ಲೆಕ್ಕ ಹಾಕಿ ನೋಡುವುದು.

"ಒಬ್ಬಳನ್ನೇ ಯಾಕೆ? ನಾನು ಕೇಳಬಾರದ್ದು ಏನಿರುತ್ತೆ?" ಅಂದರು ಟೇಲರಮ್ಮ.

"ಅತ್ತೆ ಮುಂದೆ ಸೊಸೆ ಹೇಳಲ್ಲ, ಸೊಸೆ ಮುಂದೆ ಅತ್ತೆ ಹೇಳಲ್ಲ. ಗಂಡ ಕುಡಿಯೋದನ್ನ ಹೆಂಡತಿ ಎದುರಿಗೆ ಒಪ್ಪಲ್ಲ. ಹಸಿವು ತಡೀಲಾರದೆ ಏನೋ ತಿಂದು, ತಿಂದಿಲ್ಲ ಅಂತಾರೆ. ಬೆನ್ನಿಗೆ ಕೊಡೋ ಇಂಜೆಕ್ಷನ್ ಕೆಲವು ಸಲ ಪೂರ್ತಿ ಹಿಡಿಯಲ್ಲ ಟೇಲರಮ್ಮ. ಆಗ ಪೂರ್ತಿ ಮತ್ತು ಕೊಟ್ಟು ಗಂಟಲಿಗೆ ಉಸಿರಿನ ಕೊಳವೆ ಹಾಕ್ಬೇಕು, ಅದೂ ಕ್ಷಣದಲ್ಲಿ. ಹೊಟ್ಟೇಲಿ ಊಟ ಇದ್ರೆ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಸಡಿಲ ಹಲ್ಲು, ಕಟ್ಟಿಸಿದ ಹಲ್ಲು ಇದ್ರೆ ಉಸಿರಿನ ದಾರಿಗೇ ಜಾರಬಹುದು."

ಸೊಸೆಯ ಕೈಯಲ್ಲಿದ್ದ ಸೂಜಿ ಬೆರಳಿಗೆ ಚುಚ್ಚಿತು. ಬೆರಳನ್ನು ಬಾಯಿಗಿಟ್ಟುಕೊಂಡು ಹಾಗೇ ಕೂತಳು.

ಟೇಲರಮ್ಮನ ಸಿಟ್ಟಿಗೆ ಬೇರೆಯೇ ಒಂದು ಕಾರಣವಿತ್ತು. ಮಗ ಹುಟ್ಟಿದಾಗ ಅವರಿಗೂ ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರು. ಆಮೇಲೆ ಹತ್ತು ದಿನ, ಎದ್ದು ಕೂತರೆ ಸಾಕು, ತಲೆ ಸಿಡಿದು ಹೋಗುವಂಥ ನೋವು. ಮಲಗಿದರೆ ಕಡಿಮೆ. ಕೆಲಸ ಕದಿಯಲು ನೆಪ ಅಂತ ಅವರ ಅತ್ತೆ ಬೀದಿಗೆಲ್ಲ ಹೇಳಿದ್ದರಂತೆ. ಇದನ್ನು ಟೇಲರಮ್ಮ ನಿನ್ನೆ ಮೊನ್ನೆ ನಡೆದದ್ದರ ಹಾಗೆ ಹೇಳಿದರು.

ನರ್ಸಕ್ಕ ಯಂತ್ರದ ಸೂಜಿ ತೋರಿಸಿ, "ಬನಿಯನ್ ಬಟ್ಟೆ ಹೊಲಿಯೋಕೆ ಯಾವ ಸೂಜಿ ಹಾಕ್ತೀರಿ?" ಅಂದರು.

"ತುದಿ ದುಂಡಗಿರೋದು. ಚೂಪಿಂದು ಹಾಕಿದ್ರೆ ಎಳೆ ಕತ್ತರಿಸಿ ತೂತು ಬಿಡುತ್ತೆ. ದುಂಡಗಿರೋದು ಎಳೆ ಸರಿಸ್ಕೊಂಡು ಹೋಗುತ್ತೆ, ಆಮೇಲೆ ಎಳೆ ಕೂಡ್ಕೊಳ್ಳುತ್ತೆ."

"ಬೆನ್ನಿನ ಸೂಜೀನೂ ಹಾಗೇ. ಹಿಂದೆ ಚೂಪಾದ್ದಿತ್ತು. ಒಳಗಿನ ಪೊರೇಲಿ ತೂತು ಉಳಿದು, ಬೆನ್ನಿನ ನೀರು ಸೋರಿ ತಲೆನೋವು ಬರ್ತಿತ್ತು. ಈಗ ಎಳೆ ಸರಿಸ್ಕೊಂಡು ಹೋಗೋ ಸಣ್ಣ ಸೂಜಿ ಬಂದಿದೆ, ತಲೆನೋವು ಎಷ್ಟೋ ಕಡಿಮೆ. ಅದು ಗೊತ್ತಾಗಿದ್ದು ಹೇಗೆ? ಕೆಲವು ಬಾಣಂತಿಯರು, ನಮ್ಮನ್ನ ಕೇಳಿ, ಬರ್ಕೊಳ್ಳಿ, ಯಾವ ಸೂಜಿಗೆ ಯಾರಿಗೆ ನೋವು ಬಂತು ನೋಡಿ ಅಂತ ಒಪ್ಪಿದ್ರು. ಅದಕ್ಕೇ."

ಟೇಲರಮ್ಮ ಯಂತ್ರದ ಸೂಜಿಯನ್ನು ನೋಡುತ್ತಾ ಕೂತರು. ಅದು ನೆಪವಾಗಿರಲಿಲ್ಲ, ತೂತಾಗಿತ್ತು. ಇಪ್ಪತ್ತೇಳು ವರ್ಷ ಆ ಮಾತನ್ನು ಅವರಿಗೆ ಯಾರೂ ಹೇಳಿರಲಿಲ್ಲ. "ನನ್ನನ್ನ ಆಗ ಯಾರೂ ಕೇಳಲೇ ಇಲ್ಲ" ಅಂದರು ಮೆಲ್ಲಗೆ. ಆಮೇಲೆ ಕಣ್ಣೊರೆಸಿಕೊಂಡು, ಸೇರುವುದು ಬಿಡುವುದು ಅವಳಿಗೇ ಬಿಟ್ಟದ್ದು ಅಂದು ಕೋಟಿನ ಹೊಲಿಗೆ ಬಿಚ್ಚತೊಡಗಿದರು.

ಮೂರು ದಿನ ಬಿಟ್ಟು ಆಸ್ಪತ್ರೆಗೆ ಹೋದರು. ನರ್ಸಕ್ಕ ಒಪ್ಪಿಗೆಯ ಹಾಳೆಯನ್ನು ಸಾಲು ಸಾಲಾಗಿ ಓದಿ ಹೇಳಿದರು. ಸೇರದಿದ್ದರೂ ಚಿಕಿತ್ಸೆಯಲ್ಲಿ ಒಂದು ಕೂದಲೆಳೆಯ ವ್ಯತ್ಯಾಸ ಇಲ್ಲ. ನಡುವೆ ಬೇಡ ಅನಿಸಿದರೆ ಬಿಡಬಹುದು. ಹೆಸರು ಹೊರಗೆ ಹೋಗುವುದಿಲ್ಲ. ಯಾರು ಯಾವ ಗುಂಪು ಅನ್ನುವುದನ್ನು ಡಾಕ್ಟರೂ ಆರಿಸುವುದಿಲ್ಲ, ಅಂಟಿಸಿದ ಲಕೋಟೆ ಒಡೆದಾಗ ಬಂದದ್ದೇ ಬಂದದ್ದು. ಸೊಸೆ ಸಹಿ ಹಾಕಿದಳು. ಒಬ್ಬಳನ್ನೇ ಕೇಳುವ ಕೋಣೆ ಸಿಗಲಿ, ಅಲ್ಲಿ ಹೇಳಿಬಿಡುತ್ತೇನೆ ಅಂತ ಮನಸ್ಸಿನಲ್ಲೇ ಬೇಡಿಕೊಂಡಳು.

ಲಕೋಟೆಯಲ್ಲಿ ಬಂದದ್ದು "ಎಂದಿನಂತೆ".

ಅರಿವಳಿಕೆ ಡಾಕ್ಟರಮ್ಮ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಕೇಳುತ್ತಾ ಹೋದರು. ಸಡಿಲ ಹಲ್ಲು, ಕಟ್ಟಿಸಿದ ಹಲ್ಲು ಇದೆಯಾ ಅನ್ನುವ ಪ್ರಶ್ನೆ ಬಂದಾಗ ಸೊಸೆ ಬಾಯಿ ತೆರೆಯುವುದರೊಳಗೆ ಟೇಲರಮ್ಮ, "ಅಯ್ಯೋ ಡಾಕ್ಟ್ರೇ, ಅವಳ ಹಲ್ಲಿನ ಬಗ್ಗೆ ಕೇಳಲೇಬೇಡಿ, ಮುತ್ತು" ಅಂದರು. ಡಾಕ್ಟರು ಟಾರ್ಚ್ ಬಿಟ್ಟು ನೋಡಿದರು. ಅಚ್ಚುಕಟ್ಟಾಗಿ ಕಟ್ಟಿದ ಹಲ್ಲು ಹುಟ್ಟು ಹಲ್ಲಿನ ಹಾಗೇ ಕಂಡಿತು. ಸೊಸೆ ತಲೆ ಅಲ್ಲಾಡಿಸಿದಳು. ಡಾಕ್ಟರು "ಇಲ್ಲ" ಅಂತ ಬರೆದುಕೊಂಡರು.

ಹೊರಗೆ ಬಂದು ಅವಳು ಬೆಂಚಿನ ಮೇಲೆ ಕೂತಳು. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುವ ಗಾದೆ ಕೇಳಿದ್ದಳು. ಬಾಯಿ ಬಿಡದಿದ್ದರೆ ಉಸಿರೇ ಹೋಗಬಹುದು ಅನ್ನುವುದಕ್ಕೆ ಗಾದೆ ಇರಲಿಲ್ಲ. ಹೊಟ್ಟೆಯೊಳಗೆ ಮಗು ಒಂದು ಸಲ ಒದೆಯಿತು. ನಾನು ಹೋದರೆ ಇದನ್ನು ಎತ್ತಿಕೊಳ್ಳುವವರು ಯಾರು ಅಂತ ಯೋಚಿಸಿದ್ದೇ ತಡ, ಎದ್ದಳು.

"ಅತ್ತೆ, ಡಾಕ್ಟ್ರ ಹತ್ರ ಒಂದು ಮಾತಿದೆ. ನಾನೊಬ್ಬಳೇ ಹೋಗಿ ಬರ್ತೀನಿ."

ಟೇಲರಮ್ಮನ ಮುಖ ಸಣ್ಣದಾಯಿತು. ಸೊಸೆ ತಿರುಗಿ ನೋಡಲಿಲ್ಲ, ನೋಡಿದ್ದರೆ ಮತ್ತೆ ಕೂತುಬಿಡುತ್ತಿದ್ದಳು.

ಒಳಗೆ ಅವಳು ಹಲ್ಲು ತೆಗೆದು ಅಂಗೈಯಲ್ಲಿಟ್ಟು ತೋರಿಸಿದಳು. ಡಾಕ್ಟರು ನಗಲಿಲ್ಲ, ಬೈಯಲೂ ಇಲ್ಲ. "ಒಳ್ಳೇ ಕೆಲಸ ಮಾಡಿದೆ ತಂಗಿ. ಯಾವ ಗುಂಪಲ್ಲಿದ್ರೂ ನಮ್ಮ ಹತ್ರ ಒಬ್ಬಳೇ ಮಾತಾಡ್ಬೇಕು ಅಂತ ಕೇಳೋದು ನಿನ್ನ ಹಕ್ಕು. ನಿಮ್ಮತ್ತೆಗೆ ನಾನು ಹೇಳಲ್ಲ, ಅದು ನಿನ್ನ ಮಾತು" ಅಂದರು. ಹಾಳೆಯ ಮೇಲಿದ್ದ "ಇಲ್ಲ" ಹೊಡೆದು "ಇದೆ" ಅಂತ ಬರೆದರು. ಅವಳೇ ಬಂದು ಹೇಳಿದಳು ಅನ್ನುವುದನ್ನೂ ಸಂಶೋಧನೆಯ ಹಾಳೆಯಲ್ಲಿ ಗುರುತು ಹಾಕಿಕೊಂಡರು.

ಎರಡು ದಿನ ಮನೆಯಲ್ಲಿ ಮಾತು ಕಡಿಮೆ. ಟೇಲರಮ್ಮ ಯಂತ್ರವನ್ನು ಸ್ವಲ್ಪ ಜೋರಾಗಿಯೇ ತುಳಿದರು. ಆದರೂ ಆಪರೇಷನ್ನಿನ ದಿನ, ಹೇಳಿದ ಹೊತ್ತಿನ ಮೇಲೆ ಸೊಸೆಯ ಬಾಯಿಗೆ ಏನೂ ಹೋಗದ ಹಾಗೆ ಅಡುಗೆಮನೆಯ ಬಾಗಿಲಲ್ಲಿ ಕಾವಲು ಕೂತವರು ಅವರೇ.

ಥಿಯೇಟರಿಗೆ ಹೋಗುವ ಮುಂಚೆ ನರ್ಸಕ್ಕ ಮುಚ್ಚಳವಿರುವ ಪುಟ್ಟ ಡಬ್ಬಿ ತಂದರು. ಸೊಸೆ ಗೋಡೆಗೆ ಮುಖ ಮಾಡಿ ಹಲ್ಲು ತೆಗೆದು ಅದರಲ್ಲಿ ಹಾಕಿದಳು. ಬೆನ್ನಿಗೆ ಇಂಜೆಕ್ಷನ್ ಆಯಿತು. ಡಾಕ್ಟರು ಐಸ್ ಮುಟ್ಟಿಸಿ, ತಣ್ಣಗೆ ಅನಿಸುತ್ತಾ ಅಂದರು. ಬಲಗಡೆ ಇಲ್ಲ, ಎಡಗಡೆ ಅನಿಸುತ್ತಿತ್ತು. ಅಷ್ಟರಲ್ಲಿ ಮಗುವಿನ ಎದೆಬಡಿತ ನಿಧಾನವಾಗತೊಡಗಿತು, ಇನ್ನೊಮ್ಮೆ ಚುಚ್ಚಿ ಕಾಯಲು ಸಮಯವಿರಲಿಲ್ಲ. "ಪೂರ್ತಿ ಮತ್ತು ಕೊಡ್ತೀವಿ ತಂಗಿ, ಉದ್ದ ಉಸಿರು ತಗೋ" ಅಂದದ್ದು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ.

ಕಣ್ಣು ಬಿಟ್ಟಾಗ ಪಕ್ಕದಲ್ಲಿ ಟೇಲರಮ್ಮ ಕೂತಿದ್ದರು. ಮಡಿಲಲ್ಲಿ ಬಟ್ಟೆಯಲ್ಲಿ ಸುತ್ತಿದ ಹೆಣ್ಣುಮಗು. ಆತುರದಲ್ಲಿ ಕೊಳವೆ ಹಾಕಬೇಕಾಯಿತು, ದಾರಿ ಸಲೀಸಾಗಿತ್ತು, ಇಬ್ಬರೂ ಕ್ಷೇಮ ಅಂತ ಡಾಕ್ಟರು ಹೊರಗೆ ಬಂದು ಅವರಿಗೆ ಹೇಳಿದ್ದರು. ಹೇಳಿದ್ದು ಅಷ್ಟೇ. ಉಳಿದದ್ದನ್ನು ಟೇಲರಮ್ಮ ಸೊಸೆಯ ಮುಖದಲ್ಲೇ ಓದಿಕೊಂಡಿದ್ದರು. ಮತ್ತಿನಲ್ಲಿ ತೆರೆದುಕೊಂಡಿದ್ದ ಬಾಯಲ್ಲಿ, ನಡುವಿನ ಹಲ್ಲು ಇರಲಿಲ್ಲ.

ಅವಳಿಗೆ ಅದು ಹೊಳೆದ ತಕ್ಷಣ ಕೈ ತಾನಾಗಿಯೇ ಬಾಯಿ ಮುಚ್ಚಿತು. "ತಪ್ಪಾಯ್ತು ಅತ್ತೆ" ಅಂದಳು, ಬೆರಳ ಸಂದಿಯಿಂದ.

ಟೇಲರಮ್ಮ ಮಗುವಿಗೆ ಸುತ್ತಿದ ಬಟ್ಟೆ ಸರಿಮಾಡಿದರು. ಆಮೇಲೆ, "ಡಾಕ್ಟ್ರು ಕೇಳಿದಾಗ ನಿನ್ನ ಬಾಯಿಗೆ ಬೀಗ ಹಾಕಿದ್ದು ನಾನೇ ಕಣೇ. ಮುತ್ತು ಮುತ್ತು ಅಂತ ಹೇಳಿ ಹೇಳಿ, ನಿನ್ನನ್ನೇ ಕಳ್ಕೊಂಡುಬಿಡ್ತಿದ್ದೆ" ಅಂದರು. ಅವರಿಗೆ ಅಳು ತಡೆಯಲಾಗಲಿಲ್ಲ. ಸೊಸೆಯೂ ಅತ್ತಳು. ಇಬ್ಬರನ್ನೂ ಮೀರಿಸಿ ಮಗು ಅಳಲು ಶುರುಮಾಡಿತು.

ಟೇಲರಮ್ಮ ಮಗುವನ್ನು ಎತ್ತಿ ಅವಳ ಮುಖದ ಹತ್ತಿರ ಹಿಡಿದರು. ಇನ್ನೊಂದು ಕೈಯಲ್ಲಿ, ಬಾಯಿ ಮುಚ್ಚಿದ್ದ ಅವಳ ಕೈಯನ್ನು ಮೆಲ್ಲಗೆ ಸರಿಸಿದರು.

"ನೋಡು ನಿನ್ನ ಮಗಳನ್ನ. ಇವಳಿಗೆ ಒಂದೂ ಇಲ್ಲ. ಆದ್ರೂ ಊರಿಗೆಲ್ಲ ಕಾಣೋ ಹಾಗೆ ಬಾಯಿ ಬಿಟ್ಟಿದಾಳೆ. ನಿಂದು ಹೋಗಿರೋದು ಒಂದೇ ಅಲ್ವಾ?"

ಇಷ್ಟು ಹೊತ್ತು ಓದಿದ, ಕೇಳಿದ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಹಲ್ಲು ಹುಟ್ಟಿನದೋ ಕಟ್ಟಿಸಿದ್ದೋ, ನಮಗೆ ಬೇಕಿಲ್ಲ. ನಿಮ್ಮನ್ನು ಮಲಗಿಸಿ ಮತ್ತೆ ಎಬ್ಬಿಸುವ ಅರಿವಳಿಕೆ ಡಾಕ್ಟರಿಗೆ ಮಾತ್ರ ಬೇಕು. ನುಂಗುವ ಮಾತ್ರೆ, ಒಗ್ಗದ ಔಷಧಿ, ಬರುವ ಮೂರ್ಛೆ, ಹಿಂದೆ ಆಪರೇಷನ್ನಿನಲ್ಲಿ ನಿಮಗೋ ನಿಮ್ಮ ರಕ್ತಸಂಬಂಧಿಗೋ ಆದ ತೊಂದರೆ, ಕುಡಿತ, ಕೊನೆಯ ತುತ್ತು ತಿಂದ ಹೊತ್ತು, ಒಂದನ್ನೂ ಮುಚ್ಚಿಡಬೇಡಿ. ಎಲ್ಲರೆದುರು ಹೇಳಲಾಗದಿದ್ದರೆ, ಒಬ್ಬರೇ ಮಾತಾಡಬೇಕು ಅಂತ ಕೇಳಿ. ಸಂಶೋಧನೆಗೆ ಸೇರುತ್ತೀರಾ ಅಂದರೆ ಹೆದರಿ ಓಡಬೇಡಿ, ಹೆದರಿ ಒಪ್ಪಲೂ ಬೇಡಿ. ಏನು, ಯಾಕೆ, ನನಗೇನು ತೊಂದರೆ ಅಂತ ಸಮಾಧಾನವಾಗುವ ತನಕ ಕೇಳಿ, ಆಮೇಲೆ ಹೌದೋ ಅಲ್ಲವೋ ಹೇಳಿ.

ಇನ್ನು ಮನೆಯ ಹಿರಿಯರಿಗೆ ಒಂದು ಮಾತು. ನಿಮ್ಮ ಸೊಸೆಯನ್ನೋ ಮಗಳನ್ನೋ ಡಾಕ್ಟರು ಪ್ರಶ್ನೆ ಕೇಳುವಾಗ ಉತ್ತರ ನೀವು ಕೊಡಬೇಡಿ. ನೀರು ಕುಡಿದು ಬರ್ತೀನಿ ಅಂತ ಹೇಳಿ ಎದ್ದು ಹೊರಗೆ ಹೋಗಿ, ಸ್ವಲ್ಪ ನಿಧಾನವಾಗಿಯೇ ಕುಡಿದು ಬನ್ನಿ.