ಅಪ್ಪನ ಕತ್ತಿನ ಫೋಟೊ

ಕತ್ತು ಅಳೆಯುವುದು ನನ್ನ ಕೆಲಸ. ದರ್ಜಿಯಲ್ಲ, ಜನ ಹೇಗೆ ನುಂಗುತ್ತಾರೆಂದು ಸಂಶೋಧನೆ ಮಾಡುವ ಕಡೆ ಸಹಾಯಕಿ. ಎಕ್ಸ್‌ರೇಯಲ್ಲಿ ಕಪ್ಪಾಗಿ ಕಾಣುವ ಬೇರಿಯಂ ಪುಡಿ ಬೆರೆಸಿದ ನೀರು ಕುಡಿಯುವವರ ಎಕ್ಸ್‌ರೇ ವಿಡಿಯೊ ತೆಗೆದು, ಕತ್ತಿನ ಎರಡನೆಯ ಎಲುಬಿನಿಂದ ಏಳನೆಯದರವರೆಗೆ ಗೆರೆ ಎಳೆದು, ಬಾಗು ಎಷ್ಟು ಡಿಗ್ರಿ ಎಂದು ಬರೆಯುತ್ತೇನೆ. ಕತ್ತು ಬಾಗಿದಷ್ಟೂ ನುಂಗುವುದು ಕಷ್ಟವೇ ಎಂಬುದು ನಮ್ಮ ಮೇಡಂ ಪ್ರಶ್ನೆ.

ನನ್ನ ಪ್ರಶ್ನೆ ಬೇರೆ. ಎರಡು ತಿಂಗಳಿಂದ ಅಪ್ಪ ನೀರು ಕುಡಿದಾಗಲೆಲ್ಲ ಕೆಮ್ಮುತ್ತಿದ್ದ. ಕೇಳಿದರೆ "ಧೂಳು ಕಣೇ" ಎನ್ನುತ್ತಿದ್ದ. ಮನೆ ಗುಡಿಸುವವಳು ನಾನು. ಆ ಅವಮಾನ ಹಾಗಿರಲಿ. ನೀರು ಶ್ವಾಸಕೋಶಕ್ಕೆ ಇಳಿಯುತ್ತಿದ್ದರೆ ಏನು ಗತಿ ಎಂದು ನನಗೆ ದಿಗಿಲು. ಡಾಕ್ಟರ ಹತ್ತಿರ ಬಾ ಎಂದರೆ ಜಪ್ಪಯ್ಯ ಅಂದರೂ ಬರಲೊಲ್ಲ. ಸಂಶೋಧನೆಗೆ ಅರವತ್ತು ದಾಟಿದವರು ಬೇಕು, ವಿಡಿಯೊ ತೆಗೆಯುತ್ತೇವೆ ಎಂದೆ. ತಕ್ಷಣ ಒಪ್ಪಿದ. ನಲವತ್ತು ವರ್ಷ ಸ್ಟುಡಿಯೊ ನಡೆಸಿದ ಫೋಟೊಗ್ರಾಫರ್ ಅವನು.

ಅದೇ ಎಡವಟ್ಟಾಯಿತು. ಹೊರಗಿನ ಬೆಂಚಿನ ಮೇಲೆ ಕಾಯುತ್ತಿದ್ದ ಐವರಿಗೂ ಅಪ್ಪ ಪಾಠ ಶುರುಮಾಡಿದ.

"ಗದ್ದ ಒಂಚೂರು ಮೇಲೆ. ಭುಜ ಇಳಿಸಿ. ಹಾಂ, ಕತ್ತು ನೆಟ್ಟಗೆ! ಇದು ಒಳಗಿನ ಫೋಟೊ ಸ್ವಾಮಿ, ಹುಡುಗಾಟ ಅಲ್ಲ."

"ನಗ್ಬೇಕಾ?" ಎಂದಳು ಒಬ್ಬ ಅಜ್ಜಿ.

"ಎಲುಬಲ್ಲಿ ನಗು ಕಾಣಲ್ಲಮ್ಮ. ಆದ್ರೂ ನಗಿ."

ಐದು ಕತ್ತುಗಳೂ ಕೋಲಿನಂತೆ ನೆಟ್ಟಗೆ ಬಂದವು. ಅಂಕಿಗಳನ್ನು ನೋಡಿದ ಮೇಡಂ ಕುರ್ಚಿಯಿಂದ ಎದ್ದೇಬಿಟ್ಟರು. "ನೋಡ್ರೀ, ವಯಸ್ಸಾದ ಹಾಗೆ ಕತ್ತು ನೆಟ್ಟಗಾಗುತ್ತೆ! ಯಾರೂ ಕಂಡುಹಿಡಿದಿಲ್ಲ ಇದನ್ನ!"

ಕೊನೆಗೆ ಅಪ್ಪನ ಸರದಿ. ಒಬ್ಬೊಬ್ಬರಿಗೆ ಮೂರು ಗುಟುಕು. ಎರಡನ್ನು ಕತ್ತು ನೆಟ್ಟಗಿಟ್ಟು ಮಹಾರಾಜನ ಠೀವಿಯಲ್ಲಿ ಕುಡಿದ. ಕೆಮ್ಮಿಲ್ಲ, ತೊಡಕಿಲ್ಲ. ಆರೋಗ್ಯವಂತರ ಪಟ್ಟಿಗೆ ಸೇರಿ, ಮನೆಗೆ ಹೋಗಿ ಮತ್ತೆ ಧೂಳು ಎನ್ನುತ್ತಾನಲ್ಲ ಎನಿಸಿತು. ಆಗ ಅವನದೇ ಉಪಾಯ ನೆನಪಾಯಿತು. ಸ್ಟುಡಿಯೊದಲ್ಲಿ ಬಿಗಿದುಕೊಂಡು ಕೂತ ಗಿರಾಕಿಗೆ "ಆಯ್ತು" ಎಂದು ಹೇಳಿ, ಅವರು ಸಡಿಲವಾದ ಮೇಲೆ ಕ್ಲಿಕ್ಕಿಸುತ್ತಿದ್ದ.

ವಿಡಿಯೊ ನಿಲ್ಲಿಸಬೇಡ ಎಂದು ಎಕ್ಸ್‌ರೇ ಟೆಕ್ನೀಷಿಯನ್‌ಗೆ ಕಣ್ಣುಸನ್ನೆ ಮಾಡಿ ಮೈಕಿನಲ್ಲಿ ಹೇಳಿದೆ: "ಆಯ್ತಪ್ಪ, ಮುಗೀತು. ಲೋಟದಲ್ಲಿರೋದು ಕುಡಿದ್ಬಿಡು."

ಅಪ್ಪ ಉಸ್ಸೆಂದ. ನೆಗೆಟಿವ್‌ಗಳ ಮೇಲೆ ನಲವತ್ತು ವರ್ಷ ಬಗ್ಗಿದ್ದ ಕತ್ತು ತನ್ನ ಜಾಗಕ್ಕೆ ಮರಳಿ ಮುಂದಕ್ಕೆ ಜೋತುಬಿತ್ತು. ಗುಟುಕರಿಸಿದ. ಪರದೆಯ ಮೇಲೆ ಕಪ್ಪು ಎಳೆಯೊಂದು ದಾರಿ ತಪ್ಪಿ ಶ್ವಾಸನಾಳಕ್ಕೆ ಇಳಿಯಿತು. ಹಿಂದೆಯೇ ಕೆಮ್ಮು. ನನಗೆ ಅಳು ಬಂತು.

ಮೇಡಂ ಒಮ್ಮೆ ಅಪ್ಪನನ್ನೂ ಒಮ್ಮೆ ಪರದೆಯನ್ನೂ ನೋಡಿ, ತಮ್ಮ ಮಹಾ ಸಂಶೋಧನೆಯ ಮೇಲೆ ಅಡ್ಡಗೆರೆ ಎಳೆದರು. ಆಮೇಲೆ ಡಾಕ್ಟರಿಗೆ ಚೀಟಿ ಬರೆದುಕೊಟ್ಟರು.

ಅಪ್ಪ ಪರದೆಯ ಮುಂದೆ ಬಂದು ನಿಂತ. "ಇದು ಯಾವಾಗ ತೆಗೆದಿದ್ದು?"

"ಆಯ್ತು ಅಂದ್ಮೇಲೆ."

ಬೈಯುತ್ತಾನೆ ಎಂದುಕೊಂಡೆ. "ಚೆನ್ನಾಗಿ ಬಂದಿದೆ," ಎಂದ. ಆಮೇಲೆ ಮೆಲ್ಲಗೆ, "ಧೂಳಲ್ಲ ಕಣೇ. ಲೋಟ ನೋಡಿದ್ರೇ ಹೆದರಿಕೆ ಆಗುತ್ತೆ."

ಕೈ ಹಿಡಿದುಕೊಂಡು ಡಾಕ್ಟರ ಕೋಣೆಯತ್ತ ನಡೆಸಿದೆ. ಈ ಸಲ ಅಪ್ಪ ಕತ್ತು ನೆಟ್ಟಗೆ ಮಾಡಿಕೊಳ್ಳಲಿಲ್ಲ.